ಸೋಸಿ ತೆಗೆದ ನೂರಕ್ಕೆ ನೂರು

ಮೇಷ್ಟ್ರೇ,

ನೀವಿದ್ದಿದ್ದರೆ ಈ ಪತ್ರವನ್ನು ಮೊದಲು ಕೆಂಪು ಶಾಯಿಯಲ್ಲಿ ತಿದ್ದಿ, ಆಮೇಲೆ ಓದುತ್ತಿದ್ದಿರಿ. ಗಣಿತದ ಮೇಷ್ಟ್ರಿಗೆ ಒತ್ತಕ್ಷರದ ಉಸಾಬರಿ ಯಾಕೆ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಈಗ ತಿದ್ದುವವರಿಲ್ಲ, ಅದಕ್ಕೇ ಸ್ವಲ್ಪ ಜೋರಾಗಿಯೇ ಬರೆಯುತ್ತಿದ್ದೇನೆ. ನಿಮ್ಮ ಹೆಸರಿನಲ್ಲಿ ಒಂದು ಅನ್ಯಾಯ ನಡೆಯಿತು. ನಡೆಸಿದವರು ನಿಮ್ಮ ಫೋಟೋಕ್ಕೆ ವರ್ಷವರ್ಷವೂ ಹಾರ ಹಾಕುವವರು. ಅವರಂತೂ ನಿಮಗೆ ಹೇಳುವುದಿಲ್ಲ. ಹಾಗಾಗಿ ಚಾಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಆ ಜೂನ್ ತಿಂಗಳು ನಿಮಗೆ ನೆನಪಿದೆಯೇ? ಎಸ್ಸೆಸ್ಸೆಲ್ಸಿಯಲ್ಲಿ ನಾನು ಕನ್ನಡಕ್ಕೆ ಶಾಲೆಗೇ ಮೊದಲು, ಗಣಿತಕ್ಕೆ ಶಾಲೆಗೇ ಕೊನೆ. ನಿಮ್ಮ ಸೈಕಲ್ಲು ಕಂಡರೆ ಸಾಕು, ದ್ರಾಕ್ಷಿ ತೋಟದ ಬೇಲಿಯ ಹಿಂದೆ ಕುಕ್ಕರಿಸಿಬಿಡುತ್ತಿದ್ದೆ. ಒಂದು ದಿನ ನೀವು ಬೇಲಿಯ ಪಕ್ಕದಲ್ಲೇ ಸೈಕಲ್ ನಿಲ್ಲಿಸಿ, ನನ್ನ ಕಡೆ ನೋಡದೆ, ತೋಟಕ್ಕೆ ಹೇಳಿದ ಹಾಗೆ ಹೇಳಿದಿರಿ: "ಫೇಲಾಗಿರೋದು ಲೆಕ್ಕದಲ್ಲಿ ತಾನೇ? ಕಾಲಿಗೇನಾಗಿದೆ? ಸೋಮವಾರದಿಂದ ಬಂದು ಕೂತ್ಕೋ."

ಹಾಗೆ ಬಂದು ಕೂತವರಿಗೆಂದೇ ಹತ್ತನೇ ತರಗತಿಯ ಗೋಡೆಗೆ ಒರಗಿಸಿ ಒಂದು ಬೆಂಚು ಹಾಕಿಸಿದ್ದಿರಲ್ಲ. ಅದರ ಮೇಲೆ ಕೂತವರ ಹೆಸರು ಹಾಜರಿಯಲ್ಲಿ ಇರುತ್ತಿರಲಿಲ್ಲ. ಸರ್ಕಾರದ ಪ್ರಕಾರ ನಾವು ಅಲ್ಲಿ ಇರಲೇ ಇಲ್ಲ. ಆದರೆ ನೀವು ಹಾಜರಿ ಕೂಗಿ ಮುಗಿಸಿದ ಮೇಲೆ ಪುಸ್ತಕ ಮುಚ್ಚಿಟ್ಟು, ಆ ಬೆಂಚಿನವರನ್ನು ಒಬ್ಬೊಬ್ಬರಾಗಿ ಬಾಯಲ್ಲೇ ಕರೆಯುತ್ತಿದ್ದಿರಿ. ನಾನು, ನನ್ನ ಪಕ್ಕ ಗೋಪಿ, ಅವನ ಪಕ್ಕ ಇನ್ನಿಬ್ಬರು. ಮನೆಗೆಲಸ ಕೇಳುವಾಗ ಮಾತ್ರ ಶುರು ನಮ್ಮಿಂದಲೇ. ಇಲ್ಲದ ಹುಡುಗರಿಗೆ ಇರುವ ಹುಡುಗರಿಗಿಂತ ಹೆಚ್ಚು ಏಟು ಬಿದ್ದ ಶಾಲೆ ಅದೊಂದೇ ಇರಬೇಕು.

ಆ ಬೆಂಚಿನ ಮೇಲೆ ನಾನು ಕೈವಾರದ ಮೊನೆಯಿಂದ ಎರಡು ಸಾಲು ಕೆತ್ತಿದ್ದೆ: "ಎ ವರ್ಗ, ಬಿ ವರ್ಗ, ಗಂಟೆ ಹೊಡೆದರೆ ಸ್ವರ್ಗ." ನೀವು ಬಗ್ಗಿ ಓದಿದಿರಿ. "ಪ್ರಾಸ ಸರಿಯಾಗಿದೆ. ಎರಡು ಎಬಿ ಎಲ್ಲಿ ಹೋಯ್ತು?" ಎಂದಿರಿ. ಅಷ್ಟೇ. ಅವತ್ತು ನನಗೆ ಆ ಸೂತ್ರ ಎದೆಗೆ ಇಳಿಯಿತು. ಸೆಪ್ಟೆಂಬರ್ ಪರೀಕ್ಷೆಯಲ್ಲಿ ಅದೇ ಬಂತು, ಅದೇ ನನ್ನನ್ನು ದಡ ಹತ್ತಿಸಿತು. ಆಮೇಲೆ ಪಿಯುಸಿ, ಬಿ.ಎ., ಎಲ್ಲ ಕನ್ನಡದಲ್ಲೇ. ಬೆಂಚಿನ ಮೇಲೆ ಕೆತ್ತಿದ್ದಕ್ಕೆ ಬೇರೆ ಮೇಷ್ಟ್ರಾಗಿದ್ದರೆ ಕಥೆ ಅಲ್ಲಿಗೇ...

ಇನ್ಸ್‌ಪೆಕ್ಟರು ಬಂದ ದಿನ ನೆನಪಾದರೆ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಅವರು ಆ ಬೆಂಚನ್ನು ತೋರಿಸಿ ಇವರು ಯಾರು ಎಂದರು. "ನಮ್ಮ ಮಕ್ಕಳೇ ಸಾರ್. ಇನ್ನೂ ಮುಗಿದಿಲ್ಲ, ಅಷ್ಟೇ," ಎಂದಿರಿ. ಫಲಿತಾಂಶ ಇಷ್ಟು ಕಡಿಮೆ ಯಾಕ್ರೀ ಎಂದು ಅವರು ದನಿ ಏರಿಸಿದರು. "ಎಲ್ಲರನ್ನೂ ಪರೀಕ್ಷೆಗೆ ಕೂರಿಸಿದ್ದೀನಿ ಸಾರ್. ಅದಕ್ಕೇ ಕಡಿಮೆ." ನಿಮ್ಮ ದನಿ ಏರಲಿಲ್ಲ, ಇಳಿಯಲಿಲ್ಲ. ಈ ಉತ್ತರದಿಂದ ನಿಮಗೆ ಬಡ್ತಿ ಎಷ್ಟು ತಡವಾಯಿತೋ, ನಿಮ್ಮ ಮನೆಯವರು ಎಷ್ಟು ಗೊಣಗಿದರೋ, ನೀವು ಒಂದು ದಿನವೂ ಹೇಳಿಕೊಳ್ಳಲಿಲ್ಲ.

ನೀವು ತೀರಿಕೊಂಡ ವರ್ಷ ಹಳೇ ವಿದ್ಯಾರ್ಥಿಗಳೆಲ್ಲ ಶಾಲೆಯ ಅಂಗಳದಲ್ಲಿ ಸೇರಿದ್ದೆವು. ಎಲ್ಲರೂ ಮಾತಾಡಿದರು, ಎಲ್ಲರೂ ಅತ್ತರು. ಗೋಪಿ ಎಲ್ಲರಿಗಿಂತ ಹೆಚ್ಚು ಅತ್ತ. ನಮ್ಮ ಬೆಂಚಿನ ಗೋಪಿಯೇ, ಮೇಷ್ಟ್ರೇ. ಈಗ ಲೇಔಟ್ ಮಾಡಿಸಿ ಸೈಟ್ ಮಾರುತ್ತಾನೆ. ದ್ರಾಕ್ಷಿ ತೋಟ ಇದ್ದ ಕಡೆಯೂ ಅವನದೇ ಕಮಾನು ನಿಂತಿದೆ. ಸಂಘಕ್ಕೆ ಅವನೇ ಅಧ್ಯಕ್ಷ, ನಾನು ಕಾರ್ಯದರ್ಶಿ. ಅಂದರೆ ಕುರ್ಚಿ ಎಣಿಸುವವನು. ನಿಮ್ಮ ಹೆಸರಿನಲ್ಲಿ ಒಂದು ಪರ್ಯಾಯ ಶೀಲ್ಡು ಮಾಡಿಸೋಣ ಎಂದ ಗೋಪಿ. ಸುತ್ತಮುತ್ತಲ ಸರ್ಕಾರಿ ಪ್ರೌಢಶಾಲೆಗಳಲ್ಲಿ ಯಾರ ಎಸ್ಸೆಸ್ಸೆಲ್ಸಿ ಫಲಿತಾಂಶ ಅತಿ ಹೆಚ್ಚೋ ಆ ಶಾಲೆಗೆ ಆ ವರ್ಷ ಶೀಲ್ಡು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡಿ. ತೇಗದ ಹಲಗೆ, ಅದರ ಮೇಲೆ ಹಿತ್ತಾಳೆ ತಗಡು, ತಗಡಿನ ಮೇಲೆ ನಿಮ್ಮ ಹೆಸರು. ಎಲ್ಲರೂ ಚಪ್ಪಾಳೆ ತಟ್ಟಿದರು. ಫಲಿತಾಂಶ ಕಡಿಮೆ ಎಂದು ಬೈಸಿಕೊಂಡ ಮನುಷ್ಯನ ಹೆಸರಿನಲ್ಲಿ ಫಲಿತಾಂಶಕ್ಕೆ ಬಹುಮಾನ ಎಂದು ಯಾರಿಗೂ ಹೊಳೆಯಲಿಲ್ಲ.

ಕಳೆದ ವರ್ಷ ದಸರಾ ರಜೆ ಮುಗಿದ ವಾರ ಈಗಿನ ಹೆಡ್‌ಮಾಸ್ಟರು ನನ್ನ ಅಂಗಡಿಗೆ ಬಂದರು. ನನ್ನ ಅಂಗಡಿ ನಿಮಗೆ ಗೊತ್ತಲ್ಲ, ಯಲಹಂಕ ಹಳೇ ಊರಿನಲ್ಲಿ, ಲಗ್ನಪತ್ರಿಕೆ, ನಾಮಕರಣ, ತಿಥಿ, ಹುಟ್ಟುಹಬ್ಬದ ಬ್ಯಾನರು. ಫ್ಲೆಕ್ಸ್ ನಿಷೇಧವಾದ ಮೇಲೆ ಬಟ್ಟೆಯ ಮೇಲೆ ಮುದ್ರಿಸುತ್ತೇವೆ. ಕರೆಯುವುದು ಮಾತ್ರ ಈಗಲೂ ಫ್ಲೆಕ್ಸ್ ಎಂದೇ. ಅಕ್ಷರಕ್ಕಿಂತ ಪ್ರಾಸಕ್ಕೆ ಗಿರಾಕಿ ಜಾಸ್ತಿ. ಶಿವಪ್ರಸಾದ್ ಸಾರ್‌ಗೆ (ಹೆಡ್‌ಮಾಸ್ಟರ ಹೆಸರು ಅದು) ಬೇಕಾಗಿದ್ದದ್ದೂ ಅದೇ. ಶೇಕಡಾ ನೂರು ಫಲಿತಾಂಶದ ಬ್ಯಾನರಿಗೆ ಒಂದು ಒಳ್ಳೆಯ ಸಾಲು. ಪರೀಕ್ಷೆಗೆ ಇನ್ನೂ ಅರ್ಧ ವರ್ಷ ಇದೆಯಲ್ಲ ಸಾರ್, ಇಷ್ಟು ಖಚಿತವಾಗಿ ಹೇಗೆ ಹೇಳ್ತೀರಿ ಎಂದು ನಾನು ನಗುತ್ತಲೇ ಕೇಳಿದೆ. ಅವರೂ ನಗುತ್ತಲೇ ಹೇಳಿದರು: "ಈ ಸಲ ಸೋಸಿದ್ದೀವಿ ಕಣ್ರೀ ಚಂದ್ರು. ಒಂದೆರಡು ಉಳಿದಿವೆ, ಅದೂ ಆಗೋಗುತ್ತೆ."

ಆ ಮಾತು ಆ ಕ್ಷಣಕ್ಕೆ ನನಗೆ ಅರ್ಥವಾಗಲಿಲ್ಲ ಎಂದರೆ ನಂಬುತ್ತೀರಾ? ಸೋಸುವುದು ಎಂದರೆ ಕಾಫಿ, ಕಷಾಯ, ಹೆಚ್ಚೆಂದರೆ ಗೊಜ್ಜಿನ ಹುಣಸೆರಸ. ಮಕ್ಕಳನ್ನು ಹೇಗೆ ಸೋಸುತ್ತಾರೆ? ಅವರು ಹೋದ ಮೇಲೆ ಕಂಪ್ಯೂಟರಿನ ಮುಂದೆ ಕೂತು "ನೂರಕ್ಕೆ ನೂರು" ಎಂದು ಟೈಪು ಮಾಡಿದೆ. ಮುಂದಿನ ಸಾಲು ಎಂದಿನಂತೆ ತಾನಾಗಿ ಬರಲಿಲ್ಲ.

ಅರ್ಥ ಮಾಡಿಸಿದ್ದು ಶಾಂತವ್ವ. ನಮ್ಮ ಕಟ್ಟಡದ ಮೆಟ್ಟಿಲು ಗುಡಿಸುವವರು, ಲಿಂಗಸುಗೂರು ಕಡೆಯವರು. ಗಂಡ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ಕೋಗಿಲಿನಲ್ಲಿ ಒಂದು ಶೀಟಿನ ಮನೆ. ದೊಡ್ಡ ಮಗಳು ಗಂಗಾ ನಮ್ಮ ಶಾಲೆಯಲ್ಲೇ ಹತ್ತನೇ ತರಗತಿ. ಅವತ್ತು ಶಾಂತವ್ವ ಪೊರಕೆ ಬಾಗಿಲಿಗೆ ಒರಗಿಸಿ ಒಳಗೆ ಬಂದು ನಿಂತರು. ಹೆಡ್‌ಮಾಸ್ಟರು ಕರೆಸಿದ್ದರಂತೆ. ಮಗಳಿಗೆ ಗಣಿತ, ಇಂಗ್ಲಿಷ್ ಎರಡೂ ಬರುವುದಿಲ್ಲ; ಟಿಸಿ ತಗೊಂಡು ಹೋಗಿ, ಖಾಸಗಿಯಾಗಿ ಪರೀಕ್ಷೆ ಕಟ್ಟಿಸಿ, ಮನೆಯಲ್ಲಿ ಓದಿಕೊಂಡು ಬರೆಯಲಿ ಎಂದರಂತೆ.

"ಮನ್ಯಾಗ ಯಾರ್ ಓದಸ್ತಾರ್ರಿ ಅಣ್ಣಾರ? ಸಾಲಿ ಬಿಟ್ಳಂದ್ರ ಅವ್ರಪ್ಪ ಮರದಿನಾನ ಊರಿಗೆ ಕಳಸ್ತಾನ. ಅಲ್ಲಿ ನಮ್ಮತ್ತಿ ವರಾ ನೋಡಿ ಕುಂತಾಳ."

ಇಷ್ಟೇ ಮಾತು, ಮೇಷ್ಟ್ರೇ. ಅಳಲಿಲ್ಲ, ಕರೆಯಲಿಲ್ಲ. ಒಂದು ಶಾಲೆಯ ಫಲಿತಾಂಶ ಒಂದು ಚೂರು ಮೇಲೇರುವುದಕ್ಕೆ ಒಂದು ಹುಡುಗಿ ಲಿಂಗಸುಗೂರಿನ ಬಸ್ಸು ಹತ್ತಬೇಕು. ಹದಿನಾರು ತುಂಬದ ಹುಡುಗಿ. ಆಮೇಲೆ ವಿಚಾರಿಸಿದೆ. ಜೂನ್‌ನಲ್ಲೇ ಹೀಗೆ ಕೆಲವರ ಟಿಸಿ ಆಗಿಹೋಗಿತ್ತಂತೆ. ಎಷ್ಟು ಜನ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಎಲ್ಲಿಗೆ ಹೋದರು ಎಂದರೆ ಯಾರಿಗೂ ಗೊತ್ತಿಲ್ಲ. ನಿಮ್ಮ ಕಾಲದಲ್ಲಿ ಹಾಜರಿಯಲ್ಲಿ ಹೆಸರಿಲ್ಲದವರೂ ತರಗತಿಯಲ್ಲಿ ಕೂತಿರುತ್ತಿದ್ದೆವು. ಈಗ ಹಾಜರಿಯಲ್ಲಿ ಹೆಸರಿರುವವರನ್ನೇ ಎಬ್ಬಿಸಿ ಕಳಿಸುತ್ತಿದ್ದಾರೆ. ಇದನ್ನು ಪ್ರಗತಿ ಎನ್ನುತ್ತಾರಾ?

ಗಂಗಾ ಸಂಜೆ ಶಾಲೆ ಬಿಟ್ಟು ಅವ್ವನಿಗಾಗಿ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕಾಯುತ್ತಿದ್ದಳು. ನಾನು ಅವಳನ್ನು ಅದುವರೆಗೆ ಸರಿಯಾಗಿ ನೋಡಿಯೂ ಇರಲಿಲ್ಲ. ಒಂದು ಸಂಜೆ ಕೆಟ್ಟುಹೋದ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಲೆಕ್ಕ ಮಾಡುತ್ತಿದ್ದಳು. ಬಗ್ಗಿ ನೋಡಿದರೆ ಎ ವರ್ಗ, ಬಿ ವರ್ಗ. ಎರಡು ಎಬಿ ಬಿಟ್ಟಿದ್ದಳು. ನಾನು ಏನು ಹೇಳಲಿ, ಹೇಳಿ? ಅಂತೂ ಹೇಳಿದೆ. ಆಮೇಲೆ ಕೇಳಿದೆ, ಪರೀಕ್ಷೆ ಹೊರಗಿನಿಂದ ಬರೆದರೇನು, ಒಳಗಿನಿಂದ ಬರೆದರೇನಮ್ಮ, ಯಾಕೆ ಇಷ್ಟು ಹಟ? ಅವಳು ತಲೆ ಎತ್ತದೆ ಹೇಳಿದಳು: "ಹೊರಗಿಂದ ಬರದ್ರ ನನ್ ಹೆಸರ ಯಾವ ಸಾಲ್ಯಾಗೂ ಇರಂಗಿಲ್ರಿ ಸರ."

ಮಾರನೆಯ ದಿನ ಶಾಂತವ್ವನ ಜೊತೆ ಶಾಲೆಗೆ ಹೋದೆ. ಬಡ್ತಿ ಬಂದ ಮೇಲೆ ನೀವು ಕೂರುತ್ತಿದ್ದ ಹೆಡ್‌ಮಾಸ್ಟರ ಕೋಣೆಯೇ. ಕಿಟಕಿಗೆ ಹೊಸ ಪರದೆ ಬಂದಿದೆ, ಫ್ಯಾನು ಮಾತ್ರ ಅದೇ ಸದ್ದು. ಗೋಡೆಯ ಮೇಲೆ ನಿಮ್ಮ ಫೋಟೋ, ಕೆಳಗೆ ನಿಮ್ಮ ಶೀಲ್ಡು. ಹಿಂದಿನ ವರ್ಷ ನಮ್ಮ ಶಾಲೆಯೇ ಗೆದ್ದಿತ್ತು. ಶಿವಪ್ರಸಾದ್ ಸಾರ್ ಕೆಟ್ಟ ಮನುಷ್ಯರಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಕಾಫಿ ತರಿಸಿದರು, ಶಾಂತವ್ವನಿಗೂ ಕುರ್ಚಿ ಹಾಕಿಸಿದರು. ಆಮೇಲೆ ತಮ್ಮ ಸಂಕಟ ತೋಡಿಕೊಂಡರು. ಗಣಿತದ ಹುದ್ದೆ ಖಾಲಿ, ಇರುವುದು ಅತಿಥಿ ಶಿಕ್ಷಕಿ, ಅವರಿಗೂ ಸಂಬಳ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಉಳಿದವರು ಒಂದು ತಿಂಗಳು ಗಣತಿಗೆ, ಇನ್ನೊಂದು ತಿಂಗಳು ಮತದಾರರ ಪಟ್ಟಿಗೆ. ಫಲಿತಾಂಶ ಇಳಿದರೆ ಮಾತ್ರ ಇಲಾಖೆಯ ಸಭೆಯಲ್ಲಿ ಹೆಡ್‌ಮಾಸ್ಟರನ್ನು ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸುತ್ತಾರಂತೆ. ಐವತ್ತೈದು ದಾಟಿದ ಮನುಷ್ಯನನ್ನು, ತುಂಟ ಹುಡುಗನನ್ನು ನಿಲ್ಲಿಸಿದ ಹಾಗೆ.

ಕೇಳುತ್ತ ಕೇಳುತ್ತ ನನಗೆ ಅವರ ಮೇಲಿದ್ದ ಸಿಟ್ಟು ಅವರನ್ನು ನಿಲ್ಲಿಸುವವರ ಮೇಲೆ ತಿರುಗಿತು. ಪಾಠ ಮಾಡುವವರನ್ನು ಕೊಡುವುದಿಲ್ಲ, ಇರುವವರನ್ನು ಪಾಠ ಮಾಡಲು ಬಿಡುವುದಿಲ್ಲ, ಕೊನೆಗೆ ನೂರು ಎಲ್ಲಿ ಎಂದು ಕೇಳುತ್ತಾರೆ. ನೂರು ಎಲ್ಲಿಂದ ಬರಬೇಕು? ಎತ್ತರದ ಗೇಟಿನ, ಹಳದಿ ಬಸ್ಸಿನ ಶಾಲೆಗಳು ಬಾಗಿಲಲ್ಲೇ ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುತ್ತವೆ. ನಮ್ಮದು ಬಂದವರಿಗೆಲ್ಲ ಬಾಗಿಲು ತೆರೆಯುವ ಶಾಲೆ. ಯಾದಗಿರಿಯಿಂದ ಬಂದವರು, ರಾಯಚೂರಿನಿಂದ ಬಂದವರು, ಕಟ್ಟಡ ಮುಗಿದ ಹಾಗೆ ಶಾಲೆ ಬದಲಿಸುವವರು, ಸುಗ್ಗಿಗೆ ಊರಿಗೆ ಹೋಗಿ ಎರಡು ತಿಂಗಳು ಪಾಠ ತಪ್ಪಿಸಿಕೊಂಡವರು. ಇವರನ್ನೂ ಅವರನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯುವ ಬುದ್ಧಿವಂತರು ಯಾವ ಶಾಲೆಯಲ್ಲಿ ಓದಿದರೋ!

ಅಷ್ಟು ಕರಗಿದ್ದೆ ನಾನು. ಆಗ ಶಿವಪ್ರಸಾದ್ ಸಾರ್ ನಿಮ್ಮ ಫೋಟೋದ ಕಡೆ ಕೈ ತೋರಿಸಿದರು. "ನಂಜುಂಡಯ್ಯ ಮೇಷ್ಟ್ರ ಶೀಲ್ಡು ಅವರ ಶಾಲೆ ಬಿಟ್ಟು ಹೋಗ್ಬಾರ್ದಲ್ವಾ ಚಂದ್ರು? ಅವರ ಆತ್ಮಕ್ಕೆ ಹೆಂಗನ್ಸುತ್ತೆ?"

ನಿಮ್ಮ ಆತ್ಮಕ್ಕೆ, ಮೇಷ್ಟ್ರೇ. ಜೀವನದಲ್ಲಿ ಮೊದಲ ಸಲ ನನಗೆ ಪ್ರಾಸವಿರಲಿ, ಗದ್ಯವೂ ಬರಲಿಲ್ಲ. ನೀವು ಬದುಕಿದ್ದಾಗ ಯಾರನ್ನೂ ಹೊರಗೆ ಕಳಿಸಲಿಲ್ಲ. ಸತ್ತ ಮೇಲೆ ನಿಮ್ಮ ಕೈಯಲ್ಲೇ ಆ ಕೆಲಸ ಮಾಡಿಸುತ್ತಿದ್ದಾರೆ. ನೀವಿದ್ದಿದ್ದರೆ ಇವರನ್ನು... ಬಿಡಿ, ನೀವಿದ್ದಿದ್ದರೆ ಏನೂ ಅನ್ನುತ್ತಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದಿರಿ. ಅದು ಬೈಗುಳಕ್ಕಿಂತ ಜೋರಾಗಿ ಕೇಳುತ್ತಿತ್ತು.

ಮಾತು ತೆಗೆದದ್ದು ಶಾಂತವ್ವ. ಖಾಸಗಿ ಅಭ್ಯರ್ಥಿಗೂ ಪ್ರಶ್ನೆಪತ್ರಿಕೆ ಅದೇನಾ ಎಂದು ಕೇಳಿದರು. ಅದೇ ಅಮ್ಮ, ಏನೂ ವ್ಯತ್ಯಾಸ ಇಲ್ಲ ಎಂದು ಹೆಡ್‌ಮಾಸ್ಟರು ಧೈರ್ಯ ಹೇಳುವವರಂತೆ ಹೇಳಿದರು.

"ಏನೂ ಫರಕ್ ಇಲ್ಲಂದ್ರ ಇಲ್ಲೇ ಕುಂತು ಬರದ್ರ ನಿಮಗೇನ್ ತ್ರಾಸ್ರಿ ಸರ?"

ಹೆಡ್‌ಮಾಸ್ಟರು ಕಾಫಿ ಲೋಟ ಎತ್ತಿದರು, ಅದು ಆಗಲೇ ಖಾಲಿಯಾಗಿತ್ತು. ಆಗ ನನಗೆ ನಾಲಿಗೆ ಬಂತು. ತಂದೆ-ತಾಯಿ ತಾವಾಗಿ ಕೇಳದೆ ಟಿಸಿ ಕೊಡುವ ಹಾಗಿಲ್ಲ ಶಾಂತವ್ವ, ನೀವು ಸಹಿ ಹಾಕದಿದ್ದರೆ ಅವಳನ್ನು ಯಾರೂ ಎಬ್ಬಿಸಲಾರರು ಎಂದೆ, ಹೆಡ್‌ಮಾಸ್ಟರಿಗೆ ಕೇಳಿಸುವ ಹಾಗೆ. ಶಾಂತವ್ವ ತಮ್ಮ ಹೆಬ್ಬೆರಳನ್ನೇ ಒಂದು ಗಳಿಗೆ ನೋಡಿಕೊಂಡರು. "ಹಂಗಾರ ನಾ ಹೆಬ್ಬೆಟ್ಟು ಒತ್ತಂಗಿಲ್ರಿ," ಎಂದು ಸೆರಗಿನೊಳಗೆ ಕೈ ಮುಚ್ಚಿಕೊಂಡರು.

ಆಮೇಲೆ ಎಷ್ಟು ಸಲ ಕರೆಸಿದರೂ ಕೈ ಸೆರಗಿನಿಂದ ಹೊರಗೆ ಬರಲಿಲ್ಲ. ಗಂಡ ಬೈದ, ಊರಿನಿಂದ ಅತ್ತೆ ಫೋನು ಮಾಡಿ ಬೈದಳು. ಒಬ್ಬ ಟೀಚರು ಎಲ್ಲರೆದುರು ಗಂಗಾಳಿಗೆ ನಿನ್ನಿಂದ ನಮ್ಮೆಲ್ಲರಿಗೂ ಕೆಟ್ಟ ಹೆಸರು ಎಂದರಂತೆ. ಅವಳು ಅಂದು ಕಟ್ಟೆಯ ಮೇಲೆ ಕೂತು ಲೆಕ್ಕ ಮಾಡಲಿಲ್ಲ, ಸುಮ್ಮನೆ ರಸ್ತೆ ನೋಡುತ್ತ ಕೂತಿದ್ದಳು. ಮಾರನೆಯ ದಿನ ಮತ್ತೆ ಬಂದು ಕೂತಳು, ಮತ್ತೆ ಲೆಕ್ಕ. ಆ ಅತಿಥಿ ಶಿಕ್ಷಕಿ, ಸಂಬಳ ಬಾರದವರು, ದಿನಾ ಊಟದ ಬಿಡುವಿನಲ್ಲಿ ಅವಳಿಗೆ ಬೇರೆಯಾಗಿ ಹೇಳಿಕೊಟ್ಟರು. ಯಾರೂ ಹೇಳದೆ, ಯಾರಿಗೂ ಹೇಳದೆ. ಹೀಗೂ ಜನ ಇದ್ದಾರೆ ಮೇಷ್ಟ್ರೇ, ಎಲ್ಲವೂ ಹಾಳಾಗಿಲ್ಲ.

ಗೋಪಿಯನ್ನು ಒಪ್ಪಿಸಬಹುದು ಎಂದು ನನಗೊಂದು ಆಸೆ ಇತ್ತು. ಎಷ್ಟೆಂದರೂ ಒಂದೇ ಬೆಂಚಿನವರು. ಸಂತೆ ಬೀದಿಯ ಹೋಟೆಲಿನಲ್ಲಿ ಕೂತು ಎಲ್ಲ ಹೇಳಿದೆ. ಶೀಲ್ಡಿನ ನಿಯಮ ಬದಲಿಸೋಣ, ಎಂಟನೇ ತರಗತಿಗೆ ಸೇರಿದ ಮಕ್ಕಳನ್ನು ಒಬ್ಬರನ್ನೂ ಬಿಡದೆ ಹತ್ತನೇ ಪರೀಕ್ಷೆಗೆ ಕೂರಿಸಿದ ಶಾಲೆಗೆ ಕೊಡೋಣ ಎಂದೆ. ಅವನು ವಡೆ ಮುರಿದು ಚಟ್ನಿಯಲ್ಲಿ ಅದ್ದಿ, ನನ್ನ ಮುಖ ನೋಡಿದ.

"ಲೋ ಚಂದ್ರು, ಅದನ್ನ ಬ್ಯಾನರ್ ಮೇಲೆ ಹೆಂಗೋ ಬರೀತೀಯ? 'ಇಷ್ಟು ಜನ ಫೇಲು, ಆದ್ರೂ ಸೂಪರ್ರು' ಅಂತಾನಾ?"

ಪ್ರಾಸ ಅವನಿಗೂ ಬರುತ್ತದೆ, ನೋಡಿ. ನೀನೂ ನಾನೂ ಎಲ್ಲಿ ಕೂತಿದ್ವೋ ಗೋಪಿ ಎಂದೆ. ಆ ಕಾಲ ಬೇರೆ ಮಗಾ, ಈಗ ಶಾಸಕರು ಬರ್ತಾರೆ, ನೂರು ಅಂದ್ರೆನೇ ಬರೋದು ಎಂದ. ಅವನು ಕೆಟ್ಟವನಲ್ಲ ಎಂದು ಬರೆಯಲು ಹೊರಟೆ, ಕೈ ಬರುತ್ತಿಲ್ಲ. ಇವತ್ತಿಗೂ ನಿಮ್ಮ ಫೋಟೋ ಪರ್ಸಿನಲ್ಲಿ ಇಟ್ಟುಕೊಂಡಿದ್ದಾನೆ. ನಿಮ್ಮನ್ನು ಅಷ್ಟು ಚೆನ್ನಾಗಿ ನೆನಪಿಟ್ಟುಕೊಂಡವನು ನೀವು ಮಾಡಿದ್ದನ್ನು ಹೇಗೆ ಮರೆತ?

ಪರೀಕ್ಷೆಯ ಮೊದಲ ದಿನ ನಾನು ಅಂಗಡಿ ತಡವಾಗಿ ತೆಗೆದೆ. ಗಂಗಾ ಯೂನಿಫಾರಂ ಇಸ್ತ್ರಿ ಮಾಡಿಸಿಕೊಂಡು, ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು, ಬೇರೆ ಹುಡುಗಿಯರ ಸಾಲಿನಲ್ಲೇ ಪರೀಕ್ಷಾ ಕೇಂದ್ರದ ಒಳಗೆ ಹೋದಳು. ಶಾಂತವ್ವ ಗೇಟಿನ ಹೊರಗೆ ನಿಂತಿದ್ದರು, ಅವತ್ತು ಅವರಿಗೆ ಅರ್ಧ ದಿನದ ಕೂಲಿ ಹೋಯಿತು. ಇಷ್ಟು ಸಾಮಾನ್ಯವಾದ ದೃಶ್ಯಕ್ಕೆ ಇಷ್ಟು ಜಗಳ ಬೇಕಾಯಿತಲ್ಲ ಎಂದು ನನಗೆ ನಗುವೂ ಬಂತು, ಸಿಟ್ಟೂ ಬಂತು.

ಫಲಿತಾಂಶ ಬಂದ ಬೆಳಿಗ್ಗೆ ಹೇಗಿತ್ತು ಎಂದು ನಿಮಗೆ ಸುಳ್ಳು ಹೇಳಲಾರೆ. ಗಂಗಾ ಗಣಿತದಲ್ಲಿ ಫೇಲು. ಇಂಗ್ಲಿಷ್ ಹೇಗೋ ದಾಟಿದ್ದಳು, ಉಳಿದೆಲ್ಲ ಚೆನ್ನಾಗಿತ್ತು. ಶಾಲೆಯಲ್ಲಿ ಫೇಲಾದವಳು ಅವಳೊಬ್ಬಳೇ. ನೂರು ಮುರಿಯಿತು. ಬ್ಯಾನರು ರದ್ದಾಯಿತು. ನನಗೆ ಮೊದಲು ಬಂದ ಫೋನು ಹೆಡ್‌ಮಾಸ್ಟರದ್ದು. ಸಿಟ್ಟಿನಲ್ಲಿ ಇರಲಿಲ್ಲ, ದಣಿದಿದ್ದರು. "ನೋಡಿದ್ರಾ ಚಂದ್ರು, ನಾನು ಹೇಳಿದ್ದೆ," ಎಂದರು. ಹೌದು, ಹೇಳಿದ್ದರು. ಅವರು ಹೇಳಿದ್ದು ನಿಜವಾಯಿತು. ಆದರೆ ಫೇಲಾಗುತ್ತಾಳೆ ಎಂದು ಮೊದಲೇ ಗೊತ್ತಿದ್ದರೆ ಪಾಠ ಮಾಡಬೇಕೋ, ಬಾಗಿಲು ತೋರಿಸಬೇಕೋ? ಕೇಳಬೇಕೆಂದುಕೊಂಡೆ. ಮರುದಿನ ಸಭೆಯಲ್ಲಿ ಅವರು ಎದ್ದು ನಿಲ್ಲಬೇಕಿತ್ತು, ಕೇಳಲಿಲ್ಲ.

ಈಗ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ, ಮೇಷ್ಟ್ರೇ, ಸೆಪ್ಟೆಂಬರಿನ ತನಕ ಬೇಲಿಯ ಹಿಂದೆ ಅಡಗಬೇಕಾಗಿಲ್ಲ. ಶಾಲೆಯ ವಿದ್ಯಾರ್ಥಿನಿಯಾಗಿಯೇ ಇದ್ದದ್ದರಿಂದ ಆ ಅತಿಥಿ ಶಿಕ್ಷಕಿ ರಜೆಯಲ್ಲೂ ಅವಳನ್ನು ಶಾಲೆಗೆ ಕರೆಸಿಕೊಂಡರು. ಎರಡನೇ ಪರೀಕ್ಷೆಯಲ್ಲಿ ಗಂಗಾ ಗಣಿತ ದಾಟಿದಳು. ದಾಟಿದಳು ಎಂದರೆ ಹೊಸಿಲ ಮೇಲೆ ಕಾಲಿಟ್ಟಳು, ಅಷ್ಟೇ. ಅಂಗಡಿಗೆ ಬಂದು ಹೇಳಿದಳು: "ಬಾರ್ಡರ್ ಪಾಸ್ರಿ ಸರ." ನಾನು ಬಾರ್ಡರೇ ಗಟ್ಟಿ ಕಣಮ್ಮ, ಸೀರೆಯಲ್ಲೂ ಮೊದಲು ಹರಿಯುವುದು ಒಡಲು ಎಂದೆ. ಕಾಲೇಜಿಗೆ ಸೇರಿದ್ದಾಳೆ. ಕಲಾ ವಿಭಾಗ, ಕನ್ನಡ ಮಾಧ್ಯಮ. ಲಿಂಗಸುಗೂರಿನಲ್ಲಿ ಶಾಂತವ್ವನ ಅತ್ತೆ ಈಗ ಆ ವರನಿಗೆ ಬೇರೆ ಹುಡುಗಿ ನೋಡುತ್ತಿದ್ದಾಳಂತೆ. ಆ ಹುಡುಗಿಯ ಗತಿ ಏನೋ.

ಶೀಲ್ಡು ಕೊಡುವ ಸಮಾರಂಭ ಹೋದ ತಿಂಗಳು ನಡೆಯಿತು. ಈ ಸಲ ನೂರು ತೆಗೆದ ಇನ್ನೊಂದು ಶಾಲೆಗೆ ಕೊಟ್ಟರು. ಅಲ್ಲಿ ಎಷ್ಟು ಸೋಸಿದ್ದರೋ, ಸೋಸಿರಲಿಲ್ಲವೋ, ನನಗೆ ಗೊತ್ತಿಲ್ಲ, ಸುಮ್ಮನೆ ಆಡಿಕೊಳ್ಳಲಾರೆ. ವರ್ಷ ಕೆತ್ತಿಸಿ, ಹಿತ್ತಾಳೆ ಉಜ್ಜಿಸಿ ತರುವ ಕೆಲಸ ಎಂದಿನಂತೆ ನನ್ನದು. ಉಜ್ಜಿಸಿದೆ. ಕೆತ್ತಿಸಿದೆ. ಆಮೇಲೆ ಅಂಗಡಿಯಲ್ಲಿ ಕೂತು, ಹಗಲು ಹೊತ್ತಿನಲ್ಲೇ, ಸ್ಕ್ರೂಡ್ರೈವರ್ ತೆಗೆದುಕೊಂಡು ನಿಮ್ಮ ಹೆಸರಿನ ತಗಡು ಬಿಚ್ಚಿದೆ. ವೇದಿಕೆಯ ಮೇಲೆ ಶಾಸಕರು ಶೀಲ್ಡು ಕೈಗೆ ತೆಗೆದುಕೊಂಡು "ಪೂಜ್ಯರಾದ..." ಎಂದು ಶುರು ಮಾಡಿ, ಹೆಸರು ಓದಲು ಬಗ್ಗಿ, ಹಲಗೆಯನ್ನು ಹಿಂದೆ ಮುಂದೆ ತಿರುಗಿಸಿದರು. ತೇಗದ ಮೇಲೆ ನಾಲ್ಕು ತೂತು. ಗೋಪಿ ನನ್ನ ಕಿವಿಯ ಹತ್ತಿರ ಬಂದ. "ಲೋ, ಮೇಷ್ಟ್ರ ಹೆಸ್ರೆಲ್ಲೋ?"

"ನನ್ ಜೇಬಲ್ಲಿದೆ," ಎಂದೆ.

ಅವತ್ತಿನಿಂದ ನಾನು ಸಂಘದ ಕಾರ್ಯದರ್ಶಿಯಲ್ಲ. ಕುರ್ಚಿ ಬೇರೆ ಯಾರೋ ಎಣಿಸುತ್ತಾರೆ. ಗೋಪಿ ಮಾತು ಬಿಟ್ಟಿದ್ದಾನೆ. ತಗಡು ಮನೆಯಲ್ಲಿದೆ, ನಿಮ್ಮ ಮಕ್ಕಳು ಕೇಳಿದರೆ ಕೊಡುತ್ತೇನೆ. ನಿಮ್ಮ ಹೆಸರಿಗೆ ಈಗ ಯಾವ ಬಹುಮಾನವೂ ಇಲ್ಲ. ಬೇಸರವಾಯಿತೇ? ನನಗೇನೋ ನೀವು ಇದಕ್ಕೆ ಅಂಥ ಬೇಸರ ಪಡುವವರಲ್ಲ ಎನಿಸುತ್ತದೆ.

ಮೊನ್ನೆ ಸೋಮವಾರದ ಸುದ್ದಿ ಹೇಳಿ ಮುಗಿಸುತ್ತೇನೆ. ಈ ವರ್ಷದ ಹತ್ತನೇ ತರಗತಿಯ ಕೆಲವು ತಾಯಂದಿರನ್ನು ಹೆಡ್‌ಮಾಸ್ಟರು ಮತ್ತೆ ಕರೆಸಿದ್ದಾರೆ. ಒಬ್ಬೊಬ್ಬರನ್ನೇ, ಬೇರೆ ಬೇರೆ ಹೊತ್ತಿಗೆ. ಗಂಗಾಳ ತಂಗಿ ಈಗ ಅದೇ ಶಾಲೆಯಲ್ಲಿ ಎಂಟನೇ ತರಗತಿ. ಅವಳನ್ನು ಬಿಡಲು ಹೋದ ಶಾಂತವ್ವ ಗೇಟಿನ ಹತ್ತಿರವೇ ನಿಂತುಬಿಟ್ಟಿದ್ದಾರೆ. ಒಳಗೆ ಹೋಗುವ ಪ್ರತಿ ಹೆಂಗಸನ್ನೂ ತಡೆದು, ಯಾಕೆ ಕರೆಸಿದ್ದಾರೆ ಎಂದು ಕೇಳಿ, ಒಂದೇ ಮಾತು ಹೇಳಿ ಕಳಿಸುತ್ತಿದ್ದಾರಂತೆ: "ಹೆಬ್ಬೆಟ್ಟು ಒತ್ತಬ್ಯಾಡವಾ." ಸಹಿ ಹಾಕಲು ಬರುವವರಿಗೂ ಅದೇ ಮಾತು. ಇಲ್ಲಿಯ ತನಕ ಒಂದು ಟಿಸಿಯೂ ಆಗಿಲ್ಲ. ನಾಳೆಯಿಂದ ನಾನೂ ಅಂಗಡಿ ತೆಗೆಯುವ ಮೊದಲು ಅಲ್ಲಿ ಹೋಗಿ ನಿಲ್ಲುತ್ತೇನೆ.

ಹಾಗಾಗಿ, ಮೇಷ್ಟ್ರೇ, ಮುಂದಿನ ವರ್ಷ ನಮ್ಮ ಶಾಲೆಯ ಫಲಿತಾಂಶ ಇನ್ನೂ ಕಡಿಮೆಯಾಗುತ್ತದೆ. ನಿಮ್ಮ ಕಾಲದಲ್ಲಿ ಇದ್ದಷ್ಟೇ ಕಡಿಮೆ. ಮಾತು ಕೊಡುತ್ತಿದ್ದೇನೆ.

ನಿಮ್ಮ,
ಚಂದ್ರು